ಮೂಲವ್ಯಾಧಿಯ ಮನೆ ಆರೈಕೆ

ಮೂಲವ್ಯಾಧಿಯು ಗುದನಾಳದ ಕೊನೆಯಲ್ಲಿರುವ ರಕ್ತನಾಳಗಳ ಮೆತ್ತೆಗಳು ಊದಿಕೊಂಡು ಕೆಳಕ್ಕೆ ಜಾರುವುದರಿಂದ ಉಂಟಾಗುವ ತೊಂದರೆಯಾಗಿದೆ. ಆಡುಮಾತಿನಲ್ಲಿ ಇದನ್ನು ಮೊಳೆರೋಗ, ಪೈಲ್ಸ್ ಎಂದೂ ಆಯುರ್ವೇದದಲ್ಲಿ ಅರ್ಶಸ್ಸು ಎಂದೂ ಕರೆಯುತ್ತಾರೆ. ಆರಂಭದ ಹಂತದಲ್ಲಿ ಇದು ಆಹಾರ, ಶೌಚದ ಅಭ್ಯಾಸ ಮತ್ತು ಸರಳ ಆರೈಕೆಯಿಂದ ಮನೆಯಲ್ಲಿಯೇ ಬಹುಮಟ್ಟಿಗೆ ಶಮನವಾಗುತ್ತದೆ. ಆದರೆ ಮಲದೊಡನೆ ರಕ್ತ ಹೋಗುವುದಕ್ಕೆ ಬೇರೆ ಗಂಭೀರ ಕಾರಣಗಳೂ ಇರುವುದರಿಂದ, ಮೊದಲ ಬಾರಿಗೆ ರಕ್ತ ಕಂಡಾಗ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ.

ಸ್ವರೂಪ ಮತ್ತು ಕಾರಣಗಳು

ರಕ್ತನಾಳಗಳ ಈ ಮೆತ್ತೆಗಳು ಎಲ್ಲರಲ್ಲಿಯೂ ಇರುತ್ತವೆ; ಗುದದ್ವಾರವನ್ನು ಬಿಗಿಯಾಗಿ ಮುಚ್ಚಲು ಅವು ನೆರವಾಗುತ್ತವೆ. ಮಲಬದ್ಧತೆ, ತಿಣುಕುವಿಕೆ, ದೀರ್ಘಕಾಲದ ಭೇದಿ ಮತ್ತು ಗರ್ಭಧಾರಣೆಯಿಂದ ಅವುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಒಳ ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ಕೆಂಪು ರಕ್ತ ಹೋಗುತ್ತದೆ. ಹೊರ ಮೂಲವ್ಯಾಧಿಯಲ್ಲಿ ತುರಿಕೆ ಮತ್ತು ಊತ ಕಾಣಿಸುತ್ತವೆ. ಅದರೊಳಗೆ ರಕ್ತ ಹೆಪ್ಪುಗಟ್ಟಿದರೆ ತೀವ್ರ ನೋವುಂಟಾಗುತ್ತದೆ.

ಆಹಾರ

ಮಲವನ್ನು ಮೃದುವಾಗಿಸುವುದೇ ಮನೆ ಆರೈಕೆಯ ಮುಖ್ಯ ಗುರಿ. ವಯಸ್ಕರಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ನಾರಿನಂಶವನ್ನು ಸಾಮಾನ್ಯವಾಗಿ ಸೂಚಿಸಲಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಸುಮಾರು 3 ಗ್ರಾಂ ಮಾತ್ರ. ಸೊಪ್ಪು, ತರಕಾರಿ, ಇಡಿಯ ಕಾಳುಗಳು ಮತ್ತು ಸೀಬೆಹಣ್ಣು ನಾರಿನ ಇತರ ಮೂಲಗಳು. ಒಮ್ಮೆಲೇ ಹೆಚ್ಚು ನಾರು ಸೇವಿಸಿದರೆ ಹೊಟ್ಟೆ ಉಬ್ಬರಿಸುವುದರಿಂದ ಪ್ರಮಾಣವನ್ನು ಕ್ರಮೇಣ ಏರಿಸಬೇಕು. ಇಸಬ್‌ಗೋಲು ಹೊಟ್ಟು ನೀರನ್ನು ಹೀರಿ ಮಲವನ್ನು ಮೃದುಗೊಳಿಸುತ್ತದೆ. ಅದನ್ನು ಸಾಕಷ್ಟು ನೀರಿನೊಡನೆಯೇ ಸೇವಿಸಬೇಕು. ಇಲ್ಲವಾದರೆ ಅದು ಗಂಟಲಿನಲ್ಲಿ ಅಥವಾ ಕರುಳಿನಲ್ಲಿ ತಡೆಯುಂಟುಮಾಡಬಹುದು.

ಶೌಚದ ಅಭ್ಯಾಸ

ಮಲವಿಸರ್ಜನೆಯ ಒತ್ತಡ ಬಂದಾಗ ತಡೆಹಿಡಿಯಬಾರದು. ಪತ್ರಿಕೆ ಅಥವಾ ಮೊಬೈಲ್ ನೋಡುತ್ತ ಬಹಳ ಹೊತ್ತು ಶೌಚಾಲಯದಲ್ಲಿ ಕೂರುವುದರಿಂದ ರಕ್ತನಾಳಗಳ ಮೇಲಿನ ಒತ್ತಡ ಮುಂದುವರಿಯುತ್ತದೆ. ಕಮೋಡ್ ಬಳಸುವವರು ಕಾಲಿನ ಕೆಳಗೆ ಚಿಕ್ಕ ಮಣೆ ಇಟ್ಟುಕೊಂಡರೆ ಮಂಡಿಗಳು ಮೇಲೇರಿ, ಮಲವಿಸರ್ಜನೆ ಸುಗಮವಾಗುತ್ತದೆ. ಬಳಿಕ ನೀರಿನಿಂದ ತೊಳೆದು, ಉಜ್ಜದೆ ಮೃದುವಾದ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಬೇಕು. ಘಾಟಿನ ಸಾಬೂನು ತುರಿಕೆಯನ್ನು ಹೆಚ್ಚಿಸುತ್ತದೆ.

ನೋವಿನ ಶಮನ

ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಸೊಂಟದ ಕೆಳಭಾಗ ಮುಳುಗುವಂತೆ 10ರಿಂದ 15 ನಿಮಿಷ ಕುಳಿತುಕೊಳ್ಳಬಹುದು. ಇದನ್ನು ದಿನಕ್ಕೆ 2–3 ಬಾರಿ ಮಾಡಿದರೆ ಗುದದ ಸ್ನಾಯುವಿನ ಬಿಗಿತ ಸಡಿಲಿ ನೋವು ತಗ್ಗುತ್ತದೆ. ನೀರಿಗೆ ಔಷಧಿ ಬೆರೆಸುವ ಅಗತ್ಯವಿಲ್ಲ. ಊತವಿದ್ದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆಲವು ನಿಮಿಷ ಇಡಬಹುದು. ಸ್ಟೀರಾಯ್ಡ್ ಇರುವ ಮುಲಾಮುಗಳು ಚರ್ಮವನ್ನು ತೆಳುವಾಗಿಸುವುದರಿಂದ, ವೈದ್ಯರು ಹೇಳದ ಹೊರತು ಅವನ್ನು ಒಂದು ವಾರಕ್ಕಿಂತ ಹೆಚ್ಚು ಬಳಸಬಾರದು. ಗರ್ಭಿಣಿಯರು ಯಾವುದೇ ಔಷಧಿಗೆ ಮೊದಲು ವೈದ್ಯರ ಸಲಹೆ ಪಡೆಯಬೇಕು.

ಸಾಂಪ್ರದಾಯಿಕ ಚಿಕಿತ್ಸೆ

ಸುಶ್ರುತ ಸಂಹಿತೆಯು ಅರ್ಶಸ್ಸಿಗೆ ಔಷಧ, ಕ್ಷಾರ, ಅಗ್ನಿ ಮತ್ತು ಶಸ್ತ್ರ ಎಂಬ ನಾಲ್ಕು ಬಗೆಯ ಚಿಕಿತ್ಸೆಗಳನ್ನು ಹೇಳುತ್ತದೆ. ಸುವರ್ಣಗಡ್ಡೆಗೆ ಸಂಸ್ಕೃತದಲ್ಲಿ 'ಅರ್ಶೋಘ್ನ' ಎಂಬ ಹೆಸರೂ ಇದೆ. ಕ್ಷಾರ ಮತ್ತು ಶಸ್ತ್ರಚಿಕಿತ್ಸೆಗಳು ತರಬೇತಿ ಪಡೆದ ವೈದ್ಯರ ಕೆಲಸವಾಗಿವೆ. ಎಕ್ಕ ಅಥವಾ ಕಳ್ಳಿಯ ಹಾಲನ್ನು ಮನೆಯಲ್ಲಿ ಲೇಪಿಸಿಕೊಂಡರೆ ಚರ್ಮ ಸುಟ್ಟು ಹುಣ್ಣಾಗಬಹುದು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ನಾಚಿಕೆಯಿಂದ ಅನೇಕರು ಈ ತೊಂದರೆಯನ್ನು ಮನೆಯವರಿಗೂ ತಿಳಿಸುವುದಿಲ್ಲ. ದೊಡ್ಡ ಕರುಳಿನ ಮತ್ತು ಗುದನಾಳದ ಕ್ಯಾನ್ಸರಿನಲ್ಲಿಯೂ ರಕ್ತಸ್ರಾವವಾಗುವುದರಿಂದ, ಅದನ್ನು ಮೂಲವ್ಯಾಧಿಯೆಂದೇ ಭಾವಿಸಿ ಸುಮ್ಮನಿದ್ದರೆ ರೋಗನಿರ್ಣಯ ತಡವಾಗುತ್ತದೆ. ಕೆಳಗಿನ ಲಕ್ಷಣಗಳಿದ್ದಲ್ಲಿ ವಿಳಂಬ ಸಲ್ಲದು:

• ಒಂದು ವಾರದ ಆರೈಕೆಯ ನಂತರವೂ ರಕ್ತಸ್ರಾವ ಅಥವಾ ನೋವು ಉಳಿಯುವುದು
• ಮಲವು ಡಾಂಬರಿನಂತೆ ಕಪ್ಪಾಗುವುದು
• ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ
• ಮಲವಿಸರ್ಜನೆಯ ಕ್ರಮದಲ್ಲಿ ಬದಲಾವಣೆ
• ಕುಟುಂಬದಲ್ಲಿ ಕರುಳಿನ ಕ್ಯಾನ್ಸರಿನ ಇತಿಹಾಸ

ಹೆಚ್ಚು ರಕ್ತ ಹೋಗಿ ತಲೆಸುತ್ತು ಬಂದರೆ, ಇಲ್ಲವೇ ಜ್ವರದೊಡನೆ ಗುದದ ಬಳಿ ತೀವ್ರ ನೋವಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮನೆ ಆರೈಕೆಗೆ ಬಗ್ಗದ ಒಳ ಮೂಲವ್ಯಾಧಿಗೆ ರಬ್ಬರ್ ಉಂಗುರ ಬಿಗಿಯುವ ಸರಳ ಚಿಕಿತ್ಸೆ ಲಭ್ಯವಿದ್ದು, ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ.