ಸಾಕುನಾಯಿ ಮತ್ತು ಮನೆಬಳಕೆಯ ವಸ್ತುಗಳು: ಯಾವುದು ನಿರಪಾಯ, ಯಾವುದು ವಿಷ?

ತೋಟ ಕಾಯುವ, ಕುರಿಮಂದೆಯ ಜೊತೆ ನಡೆಯುವ ನಾಯಿಗೆ ನಮ್ಮ ಗ್ರಾಮೀಣ ಮನೆಗಳಲ್ಲಿ ಪ್ರತ್ಯೇಕ ಅಡುಗೆ ಇರುವುದು ವಿರಳ. ಮನೆಯವರು ಉಂಡು ಉಳಿದದ್ದೇ ಅದರ ಆಹಾರ. ಆದರೆ ನಾವು ಸಲೀಸಾಗಿ ಅರಗಿಸಿಕೊಳ್ಳುವ ಕೆಲವು ವಸ್ತುಗಳನ್ನು ನಾಯಿಯ ದೇಹವು ಅರಗಿಸಿಕೊಳ್ಳಲಾರದು. ಅಲ್ಲದೆ, ವಯಸ್ಕ ಮನುಷ್ಯನಿಗೆ ಏನೂ ಮಾಡದ ಪ್ರಮಾಣವು 3 ಕೆ.ಜಿ. ತೂಕದ ಮರಿಗೆ ಮಾರಕವಾಗಬಹುದು. ಆದ್ದರಿಂದ ನಾಯಿ ಏನನ್ನಾದರೂ ತಿಂದಾಗ ಮೂರು ಅಂಶಗಳನ್ನು ಮೊದಲು ತಿಳಿಯಬೇಕು: ಆ ವಸ್ತುವಿನಲ್ಲಿ ಏನಿದೆ, ಎಷ್ಟು ತಿಂದಿದೆ, ನಾಯಿಯ ತೂಕವೆಷ್ಟು.

ವೆನಿಲ್ಲಾ ಸತ್ವ

ವೆನಿಲ್ಲಾದ ಪರಿಮಳವು ನಾಯಿಗೆ ವಿಷವಲ್ಲ. ಅಪಾಯವಿರುವುದು ಅದನ್ನು ಕರಗಿಸಿರುವ ಮದ್ಯಸಾರದಲ್ಲಿ. ಅಮೆರಿಕದ ಆಹಾರ ಮಾನದಂಡದಂತೆ ವೆನಿಲ್ಲಾ ಸತ್ವದಲ್ಲಿ ಕನಿಷ್ಠ ಶೇ. 35ರಷ್ಟು ಮದ್ಯಸಾರವಿರಬೇಕು. ಅಂದರೆ 30 ಮಿ.ಲೀ. ಸೀಸೆಯಲ್ಲಿ 10 ಮಿ.ಲೀ.ಗಿಂತ ಹೆಚ್ಚು ಮದ್ಯಸಾರವಿರುತ್ತದೆ. ಸಣ್ಣ ಮರಿಯೊಂದು ಇದನ್ನು ಪೂರ್ತಿ ನೆಕ್ಕಿದರೆ ತೂರಾಡುವುದು, ವಾಂತಿ, ಮಂಪರು, ಮೈ ತಣ್ಣಗಾಗುವುದು, ಉಸಿರಾಟ ನಿಧಾನವಾಗುವುದು ಮುಂತಾದ ಲಕ್ಷಣಗಳು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ತೋಟದಲ್ಲಿ ಬೆಳೆದ ವೆನಿಲ್ಲಾ ಬೀನ್ಸನ್ನು ಮನೆಯಲ್ಲಿಯೇ ಮದ್ಯದಲ್ಲಿ ನೆನೆಸಿಡುವವರು ಆ ಸೀಸೆಯನ್ನು ಎತ್ತರದ ಕಪಾಟಿನಲ್ಲಿ ಇಡಬೇಕು. ಕೇಕಿಗೆ ಬೆರೆಸಿದ ಒಂದು ಚಮಚ ಸತ್ವದಿಂದ ಭಯವಿಲ್ಲ. ಆದರೆ ಆ ಕೇಕಿನಲ್ಲಿ ಚಾಕೊಲೇಟ್ ಅಥವಾ ಒಣದ್ರಾಕ್ಷಿ ಇದ್ದರೆ ನಾಯಿಗೆ ಹಾಕಕೂಡದು.

ಅಡುಗೆಮನೆಯ ಇತರ ವಸ್ತುಗಳು

1. ಈರುಳ್ಳಿ, ಬೆಳ್ಳುಳ್ಳಿ: ಇವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ಗುಣ ನಾಶವಾಗುವುದಿಲ್ಲ. ದೇಹತೂಕದ ಶೇ. 0.5ನ್ನು ಮೀರಿದ ಈರುಳ್ಳಿ, ಅಂದರೆ 10 ಕೆ.ಜಿ. ನಾಯಿಗೆ ಸುಮಾರು 50 ಗ್ರಾಂ, ಅಪಾಯಕಾರಿ. ಒಸಡು ಬಿಳಿಚುವುದು, ಮೂತ್ರ ಕೆಂಪಾಗುವುದು ಹಲವು ದಿನಗಳ ನಂತರ ಕಾಣಿಸುವುದರಿಂದ ನಿಜವಾದ ಕಾರಣ ಮನೆಯವರಿಗೆ ಹೊಳೆಯುವುದಿಲ್ಲ.

2. ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆ: ದ್ರಾಕ್ಷಿಯು ನಾಯಿಯ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವೆಂದು ಈಚಿನ ಅಧ್ಯಯನಗಳು ಬಲವಾಗಿ ಸೂಚಿಸಿವೆ. ಹುಣಸೆಹಣ್ಣಿನಲ್ಲಿಯೂ ಇದೇ ಆಮ್ಲ ಹೇರಳವಾಗಿದೆ. ಆದ್ದರಿಂದ ಸಾರು, ಹುಳಿ, ಗೊಜ್ಜು ಕಲಸಿದ ಅನ್ನವನ್ನು ನಾಯಿಗೆ ಹಾಕದಿರುವುದು ಲೇಸು. ವಿಜಯಪುರ, ಬಾಗಲಕೋಟೆ ಭಾಗದ ದ್ರಾಕ್ಷಿ ಬೆಳೆಗಾರರು ಒಣಗಿಸುವ ಸ್ಥಳಕ್ಕೆ ನಾಯಿಯನ್ನು ಬಿಡಬಾರದು.

3. ಚಾಕೊಲೇಟ್, ಕೋಕೋ, ಕಾಫಿ, ಚಹಾ: ಕೋಕೋದ ಥಿಯೋಬ್ರೋಮಿನ್ ಮತ್ತು ಕಾಫಿ, ಚಹಾದ ಕೆಫೀನ್ ಹೃದಯದ ಬಡಿತವನ್ನು ಏರಿಸಿ ಸೆಳೆತ ತರುತ್ತವೆ. ಚಾಕೊಲೇಟ್ ಕಪ್ಪಾದಷ್ಟೂ ವಿಷ ಹೆಚ್ಚು. ಅಡಿಕೆ ತೋಟದಲ್ಲಿ ಅಂತರಬೆಳೆಯಾಗಿ ಬೆಳೆಯುವ ಕೋಕೋ ಬೀಜದ ಸಿಪ್ಪೆಯಲ್ಲಿಯೂ ಥಿಯೋಬ್ರೋಮಿನ್ ಇರುತ್ತದೆ.

4. ಕ್ಸೈಲಿಟಾಲ್: ಸಕ್ಕರೆರಹಿತ ಚ್ಯೂಯಿಂಗ್ ಗಮ್ ಮತ್ತು ಕೆಲವು ಟೂತ್‌ಪೇಸ್ಟುಗಳಲ್ಲಿರುವ ಈ ಸಿಹಿಕಾರಕವು ನಾಯಿಯ ರಕ್ತದಲ್ಲಿನ ಸಕ್ಕರೆಯನ್ನು ಹಠಾತ್ತನೆ ಕುಸಿಯುವಂತೆ ಮಾಡುತ್ತದೆ. ಪ್ರತಿ ಕೆ.ಜಿ. ದೇಹತೂಕಕ್ಕೆ 0.1 ಗ್ರಾಂ ಸಾಕು.

ಮಾತ್ರೆ ಮತ್ತು ಇಲಿ ಪಾಷಾಣ

ನಾಯಿ ಕುಂಟುತ್ತಿದೆ, ಜ್ವರವಿದೆ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್ ಮಾತ್ರೆ ನುಂಗಿಸಕೂಡದು. ಮೊದಲನೆಯದು ಯಕೃತ್ತಿಗೂ ಎರಡನೆಯದು ಹೊಟ್ಟೆ ಮತ್ತು ಮೂತ್ರಪಿಂಡಗಳಿಗೂ ಹಾನಿ ಮಾಡುತ್ತದೆ.

ಇಲಿ ಪಾಷಾಣಗಳಲ್ಲಿ ಜಿಂಕ್ ಫಾಸ್ಫೈಡ್ ಅತಿ ಅಪಾಯಕಾರಿ. ಹೊಟ್ಟೆಯ ಆಮ್ಲ ತಗುಲಿದೊಡನೆ ಅದು ಫಾಸ್ಫೀನ್ ಅನಿಲವನ್ನು ಬಿಡುಗಡೆ ಮಾಡುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಇದನ್ನು ತಿಂದ ನಾಯಿಗೆ ಅನ್ನ ಹಾಕಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ನಾಯಿ ವಾಂತಿ ಮಾಡಿದರೆ ಆ ಅನಿಲ ಮನುಷ್ಯರಿಗೂ ಅಪಾಯ. ಆದ್ದರಿಂದ ನಾಯಿಯನ್ನು ಬಯಲಿನಲ್ಲಿರಿಸಿ ದೂರ ನಿಲ್ಲಬೇಕು. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ನಾಯಿ ಕೆಲವು ದಿನ ಆರೋಗ್ಯವಾಗಿಯೇ ಕಂಡು, ಆಮೇಲೆ ರಕ್ತಸ್ರಾವಕ್ಕೆ ತುತ್ತಾಗುತ್ತದೆ. ಇದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ. ಲಕ್ಷಣಗಳಿಗಾಗಿ ಕಾಯದೆ ಕೊಡಿಸಿದರೆ ನಾಯಿ ಬದುಕುತ್ತದೆ.

ವಿಷ ತಿಂದಾಗ ಮಾಡಬೇಕಾದದ್ದು

ಉಳಿದ ವಸ್ತುವನ್ನು ನಾಯಿಯಿಂದ ದೂರವಿಡಿ. ಪೊಟ್ಟಣ ಅಥವಾ ಸೀಸೆಯನ್ನು ಎಸೆಯದೆ ಇಟ್ಟುಕೊಳ್ಳಿ. ತಿಂದ ವಸ್ತು, ಪ್ರಮಾಣ, ವೇಳೆ ಮತ್ತು ನಾಯಿಯ ಅಂದಾಜು ತೂಕವನ್ನು ಪಶುವೈದ್ಯರಿಗೆ ತಿಳಿಸಿ. ಪಶು ಸಂಜೀವಿನಿ ಸೇವೆಯ 1962 ಸಂಖ್ಯೆಗೂ ಕರೆ ಮಾಡಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿಯನ್ನು ಬಿಡಬೇಕು. ಅತಿಯಾದ ಉಪ್ಪೇ ನಾಯಿಯ ಮಿದುಳಿಗೆ ವಿಷವಾಗುತ್ತದೆ. ಮಂಪರಿನಲ್ಲಿರುವ ನಾಯಿಗೆ ಹಾಲು, ಎಣ್ಣೆ, ನೀರು ಯಾವುದನ್ನೂ ಬಾಯಿಗೆ ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿಯಬಹುದು.

ನಾಯಿಗೆ ಹಾಕಬಹುದಾದವು

ರಾಗಿಮುದ್ದೆ, ಬಿಳಿ ಅನ್ನ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಬೆಂದ ಮಾಂಸ, ಗಜ್ಜರಿ ಮತ್ತು ಕುಂಬಳಕಾಯಿ ನಿರಪಾಯ. ಒಗ್ಗರಣೆ ಹಾಕುವ ಮೊದಲೇ ನಾಯಿಯ ಪಾಲನ್ನು ತೆಗೆದಿಟ್ಟರೆ ಈರುಳ್ಳಿ, ಬೆಳ್ಳುಳ್ಳಿಯ ಭಯ ತಪ್ಪುತ್ತದೆ. ವಿಸ್ತರಣಾ ಕಾರ್ಯಕರ್ತರು ಇಲಿ ನಿಯಂತ್ರಣದ ತರಬೇತಿ ನೀಡುವಾಗಲೇ ಈ ವಿಷಯವನ್ನೂ ತಿಳಿಸುವುದು ಸೂಕ್ತ. ಪಾಷಾಣವನ್ನು ಬಿಲದೊಳಗೆ ಇಟ್ಟು ಬಾಯಿ ಮುಚ್ಚಬೇಕು, ಉಳಿದದ್ದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು ಮತ್ತು ಸತ್ತ ಇಲಿಗಳನ್ನು ಆಳವಾಗಿ ಹೂಳಬೇಕು.