ಗಡಿ ದಾಟುವ ರೋಗ: ಲಿಸ್ಟೀರಿಯಾ ಸೂಕ್ಷ್ಮಾಣುವಿನ ಚಲನೆಯ ಸ್ವರೂಪ

ರೋಗವನ್ನು ಸಂಚರಿಸುವ ಶಕ್ತಿಯೆಂದು ಭಾವಿಸುವುದು ಜನಪದ ಚಿಂತನೆಯ ಒಂದು ಮುಖ್ಯ ಲಕ್ಷಣ. ಕರ್ನಾಟಕದ ಹಲವೆಡೆ ಕಂಡುಬರುವ ಮಾರಿಯನ್ನು ಗಡಿ ದಾಟಿಸುವ ಆಚರಣೆಯಲ್ಲಿ ಊರವರೇ ಕೂಡಿ ದೇವತೆಯ ಪ್ರತೀಕವನ್ನು ಊರೆಲ್ಲೆಯವರೆಗೆ ಸಾಗಿಸುತ್ತಾರೆ. ರೋಗವು ಹೊಕ್ಕ ನೆಲೆಯ ಬಲದಿಂದಲೇ ಅದರ ಪಯಣ ಮುಂದುವರಿಯುತ್ತದೆ. ಆಧುನಿಕ ಜೀವಕೋಶ ವಿಜ್ಞಾನವು ಗುರುತಿಸಿರುವ ಒಂದು ವಿದ್ಯಮಾನವನ್ನು ಅರಿಯಲು ಈ ಚಿತ್ರ ನೆರವಾಗುತ್ತದೆ.

ಲಿಸ್ಟೀರಿಯಾ ಮೊನೊಸೈಟೋಜೀನಿಸ್ ಎಂಬ ಬ್ಯಾಕ್ಟೀರಿಯಾ ಕಲುಷಿತ ಆಹಾರದ ಮೂಲಕ ಮಾನವ ದೇಹವನ್ನು ಪ್ರವೇಶಿಸುತ್ತದೆ. ಶೀತಲ ಪೆಟ್ಟಿಗೆಯ ತಂಪಿನಲ್ಲಿಯೂ ಅದು ಬೆಳೆಯಬಲ್ಲದು. ತಂಪಾದ ಪರಿಸರದಲ್ಲಿ ಕಶಾಂಗಗಳ ಸಹಾಯದಿಂದ ಈಜುವ ಈ ಜೀವಿ, 37 ಡಿಗ್ರಿ ಸೆಲ್ಸಿಯಸ್‌ನ ದೇಹೋಷ್ಣದಲ್ಲಿ ಸಾಮಾನ್ಯವಾಗಿ ಅವುಗಳ ತಯಾರಿಕೆಯನ್ನು ನಿಲ್ಲಿಸುತ್ತದೆ. ಜೀವಕೋಶದೊಳಗೆ ಹೊಕ್ಕಾಗ ಪೊರೆಯ ಚೀಲವೊಂದು ಅದನ್ನು ಸುತ್ತುವರಿಯುತ್ತದೆ. ಲಿಸ್ಟೀರಿಯೋಲೈಸಿನ್ ಎಂಬ ವಿಷವಸ್ತುವಿನಿಂದ ಆ ಪೊರೆಯನ್ನು ಭೇದಿಸಿ ಅದು ಕೋಶರಸಕ್ಕೆ ಇಳಿಯುತ್ತದೆ.

ಇಲ್ಲಿಂದ ಮುಂದೆ ಅದರ ಚಲನೆಗೆ ಒದಗುವುದು ಆತಿಥೇಯ ಕೋಶದ ಆಕ್ಟಿನ್ ಪ್ರೋಟೀನು. ಕೋಶದ ಆಕಾರವನ್ನು ಕಾಯುವುದು, ಅದನ್ನು ಚಲಿಸುವಂತೆ ಮಾಡುವುದು ಆಕ್ಟಿನ್ನಿನ ಸಹಜ ಕೆಲಸ. ಲಿಸ್ಟೀರಿಯಾ ತನ್ನ ಮೈಮೇಲೆ ಆಕ್ಟ್‌ಎ ಎಂಬ ಪ್ರೋಟೀನನ್ನು ಧರಿಸಿರುತ್ತದೆ. ಇದು ಕೋಶದ್ದೇ ಆದ ಪ್ರಚೋದಕ ಪ್ರೋಟೀನುಗಳನ್ನು ಅನುಕರಿಸಿ, ಆರ್ಪ್ 2/3 ಎಂಬ ಪ್ರೋಟೀನು ಸಂಕೀರ್ಣವನ್ನು ಕೆಲಸಕ್ಕೆ ಹಚ್ಚುತ್ತದೆ. ಆಗ ಬ್ಯಾಕ್ಟೀರಿಯಾದ ಹಿಂಬದಿಯಲ್ಲಿ ಆಕ್ಟಿನ್ ತಂತುಗಳು ಕವಲೊಡೆದು ದಟ್ಟ ಜಾಲವಾಗುತ್ತವೆ. ಹೊಸ ತಂತುಗಳು ಬೆಳೆಯುತ್ತ ಬ್ಯಾಕ್ಟೀರಿಯಾವನ್ನು ಮುಂದಕ್ಕೆ ನೂಕುತ್ತವೆ. ಹಳೆಯವು ಕಳಚಿ ಮರುಬಳಕೆಯಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಇದು ಧೂಮಕೇತುವಿನ ಬಾಲದಂತೆ ತೋರುತ್ತದೆ.

ಲೂಯಿಸ್ ಟಿಲ್ನಿ ಮತ್ತು ಡೇನಿಯಲ್ ಪೋರ್ಟ್ನಾಯ್ ಅವರು 1989ರಲ್ಲಿ ಪ್ರಕಟಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳು ಈ ಪಯಣದ ಹಂತಗಳನ್ನು ಸ್ಪಷ್ಟಪಡಿಸಿದವು. 1999ರಲ್ಲಿ ಫ್ರಾನ್ಸ್‌ನ ಮೇರಿ-ಫ್ರಾನ್ಸ್ ಕಾರ್ಲಿಯೆ ಮತ್ತು ಸಂಗಡಿಗರು ಜೀವಕೋಶವಿಲ್ಲದೆ, ಶುದ್ಧೀಕರಿಸಿದ ಕೆಲವೇ ಪ್ರೋಟೀನುಗಳಿಂದ ಈ ಚಲನೆಯನ್ನು ಮರುಸೃಷ್ಟಿಸಿದರು.

ಕೋಶದ ಅಂಚನ್ನು ತಲುಪಿದ ಬ್ಯಾಕ್ಟೀರಿಯಾ ಪೊರೆಯನ್ನು ಬೆರಳಿನಂತೆ ಹೊರಚಾಚಿಸುತ್ತದೆ. ನೆರೆಯ ಕೋಶ ಆ ಚಾಚನ್ನು ನುಂಗುತ್ತದೆ. ಎರಡು ಪೊರೆಗಳನ್ನು ಭೇದಿಸಿ ಹೊರಬಂದೊಡನೆ ಪಯಣ ಮತ್ತೆ ಆರಂಭ. ಹೀಗೆ ಹೊರಗೆ ಬಾರದೆ ಹಬ್ಬುವ ರೋಗಾಣುವಿಗೆ ರಕ್ತದಲ್ಲಿರುವ ಪ್ರತಿಕಾಯಗಳು ಎದುರಾಗುವುದಿಲ್ಲ. ಗರ್ಭಿಣಿಯರು, ನವಜಾತ ಶಿಶುಗಳು, ವೃದ್ಧರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದು ಮಾರಕವಾಗಬಲ್ಲದು. ಸೋಂಕು ಮಾಸುವನ್ನು ದಾಟಿ ಭ್ರೂಣವನ್ನೂ ಮುಟ್ಟುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಸಂಸ್ಕರಿತ ಮಾಂಸದಿಂದ ಹಬ್ಬಿದ ಸೋಂಕು ಸಾವಿರಕ್ಕೂ ಹೆಚ್ಚು ಜನರನ್ನು ತಟ್ಟಿ, ಇನ್ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು.

ಆಮಶಂಕೆಯನ್ನುಂಟುಮಾಡುವ ಶಿಗೆಲ್ಲಾ ಇದೇ ಗುರಿಯನ್ನು ಬೇರೆ ದಾರಿಯಲ್ಲಿ ಸಾಧಿಸುತ್ತದೆ. ಅದರ ಐಸಿಎಸ್‌ಎ ಪ್ರೋಟೀನು ಪ್ರಚೋದಕವನ್ನು ಅನುಕರಿಸುವುದಿಲ್ಲ. ಕೋಶದಲ್ಲಿರುವ ಪ್ರಚೋದಕವನ್ನೇ ಸೆಳೆದುಕೊಳ್ಳುತ್ತದೆ.

ಮಾರಿಯ ಆಚರಣೆಯೊಡನೆ ಮಾಡಿದ ಹೋಲಿಕೆಗೆ ಮಿತಿಯುಂಟು. ಊರು ತಿಳಿದೇ ಮಾರಿಯನ್ನು ಸಾಗಿಸುತ್ತದೆ, ತನ್ನ ಎಲ್ಲೆಯೊಳಗಿನ ಕ್ಷೇಮಕ್ಕಾಗಿ. ಜೀವಕೋಶಕ್ಕೆ ಅಂಥ ಅರಿವೂ ಇಲ್ಲ, ಬಿಡುಗಡೆಯೂ ಇಲ್ಲ. ಜನಪದರು ಸೂಕ್ಷ್ಮಾಣುವನ್ನು ಮೊದಲೇ ಅರಿತಿದ್ದರೆಂದು ಇದರಿಂದ ಸಾಧಿಸಲಾಗದು. ಆದರೆ ಗಡಿಯಾಚೆಗೆ ನೂಕಿದ ರೋಗ ನೆರೆಯವರ ಬಾಗಿಲಲ್ಲಿ ಹೊಸದಾಗಿ ಆರಂಭವಾಗುತ್ತದೆ ಎಂಬುದು ಎರಡೂ ನೆಲೆಗಳಲ್ಲಿ ಕಾಣುವ ಸತ್ಯ.