ಟವರ್ ಹೋದರೂ ಕೆಲಸ ನಿಲ್ಲದು

ಹೊಸನಗರದಲ್ಲಿ ಜೋರು ಮಳೆ.
ಕರೆಂಟ್ ಹೋಯ್ತು, ಹಿಂದೆಯೇ ಟವರ್ ಕೂಡ.
ದೂರದ ಸರ್ವರ್‌ನಲ್ಲಿ ಅರ್ಧಕ್ಕೆ ಬಂದಿದ್ದ ಕೆಲಸದ ಗತಿ ಏನು?

ಕೋವಿಡ್ ಕಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಿಗೆ ಮರಳಿದ ಸಾಫ್ಟ್‌ವೇರ್ ಮಂದಿಗೆ ಇದು ದಿನದ ಪ್ರಶ್ನೆ.
ಸಿಗ್ನಲ್ ಹುಡುಕಿ ಗುಡ್ಡ ಹತ್ತಿದವರಿದ್ದರು.
‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಅಭಿಯಾನವೇ ನಡೆಯಿತು!

ಸರ್ವರ್‌ಗೆ ಲಾಗಿನ್ ಆಗುವ ದಾರಿ ಎಸ್‌ಎಸ್‌ಎಚ್.
ಕನೆಕ್ಷನ್ ಕಡಿದರೆ ಸೆಷನ್ ಹೋಯಿತು.
ಅದರೊಳಗೆ ಓಡುತ್ತಿದ್ದ ಪ್ರೋಗ್ರಾಂ ಕೂಡ ಸಾಮಾನ್ಯವಾಗಿ ಅಲ್ಲಿಗೇ ಖಲಾಸ್.

ಇದಕ್ಕೆ ಮದ್ದು, ಟೀಮಕ್ಸ್ ಎಂಬ ಪ್ರೋಗ್ರಾಂ.

ಅಡಿಕೆ ಬೇಯಿಸುವ ಹಂಡೆ ನೋಡಿದ್ದೀರಲ್ಲ?
ಒಲೆ ಮುಂದೆ ಕೂತವರು ಎದ್ದು ಹೋದರೂ ಅಡಿಕೆ ಬೇಯುತ್ತಲೇ ಇರುತ್ತದೆ.
ಟೀಮಕ್ಸ್ ಓಡುವುದೂ ಸರ್ವರ್‌ನಲ್ಲೇ, ಲ್ಯಾಪ್‌ಟಾಪ್‌ನಲ್ಲಲ್ಲ.
ಕೆಲಸಕ್ಕೆ ಮೊದಲೇ ಅದನ್ನು ತೆರೆದಿರಬೇಕು, ಅಷ್ಟೆ.
ನೆಟ್ ಬಂದಮೇಲೆ ಲಾಗಿನ್ ಆಗಿ ‘ಟೀಮಕ್ಸ್ ಅಟ್ಯಾಚ್’ ಅಂತ ಹೊಡೆದರೆ,
ಬಿಟ್ಟಲ್ಲಿಂದಲೇ ಶುರು.

ಮತ್ತೆ ಮತ್ತೆ ಲಾಗಿನ್ ಆಗುವ ರಗಳೆಯೂ ಬೇಡ ಅನ್ನುವವರಿಗೆ ಮೋಶ್ ಎಂಬ ಪ್ರೋಗ್ರಾಂ ಇದೆ.
2012ರಲ್ಲಿ ಅಮೆರಿಕದ ಎಂಐಟಿಯಿಂದ ಬಂದದ್ದು.
ವೈಫೈನಿಂದ ಮೊಬೈಲ್ ಡೇಟಾಕ್ಕೆ ಹಾರಿದರೂ,
ಲ್ಯಾಪ್‌ಟಾಪ್ ಮುಚ್ಚಿ ತೆರೆದರೂ ಸೆಷನ್ ಉಳಿಯುತ್ತದೆ.
ನೆಟ್ ತೆವಳುತ್ತಿದ್ದರೂ ಒತ್ತಿದ ಅಕ್ಷರ ತಕ್ಷಣ ಮೂಡುತ್ತದೆ.
ಸರ್ವರ್ ಇನ್ನೂ ಒಪ್ಪದ ಅಕ್ಷರಕ್ಕೆ ಅಡಿಗೆರೆ. ಈ ಜಾಣತನ ಮೆಚ್ಚಲೇಬೇಕು.

ತೊಡಕೂ ಇದೆ.
ಮೋಶ್‌ಗೆ ಯುಡಿಪಿ ಪೋರ್ಟ್ ತೆರೆದಿರಬೇಕು. ಎಷ್ಟೋ ಆಫೀಸ್ ಫೈರ್‌ವಾಲ್‌ಗಳು ಅದನ್ನು ಬಿಡುವುದಿಲ್ಲ.
ಅಲ್ಲಿ ಟೀಮಕ್ಸೇ ಗತಿ.
ಸರ್ವರ್ ರೀಬೂಟ್ ಆಯಿತೋ, ಅದೂ ಇಲ್ಲ!